ಬರೀ ಕೈಚೀಲದ ಟಿಕೆಟ್

ವಿಮಾನದ ಟಿಕೆಟ್ ಮಾರುವ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ವಿಮಾನದ ಪಾಲು ಕಡಿಮೆ, ಚೀಲದ ಪಾಲು ಹೆಚ್ಚು. ನಾನು ಮೊದಲು ಗಂಗಾವತಿಯಲ್ಲಿ, ಆಮೇಲೆ ಕೊಪ್ಪಳದಲ್ಲಿ, ಕಣ್ಣಿಗೆ ದಪ್ಪ ಕನ್ನಡಕ ಬರುವವರೆಗೆ ಟಿಕೆಟ್ ಮಾರಿದೆ. ಅಷ್ಟು ವರ್ಷದಲ್ಲಿ ವಿಮಾನ ಹೇಗೆ ಹಾರುತ್ತದೆ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಎಷ್ಟು ಕಿಲೋ ಬಿಡುತ್ತಾರೆ ಎಂದು ಕೇಳದೆ ಹೋದವರೂ ಇಲ್ಲ. ನೀವು ಕಂಪ್ಯೂಟರ್ ಕಲಿತು ಬಂದಿರುತ್ತೀರಿ, ಒಳ್ಳೆಯದು. ಚೀಲ ಎತ್ತಿ ನೋಡುವುದನ್ನೂ ಕಲಿತುಕೊಳ್ಳಿ.

1997ರಲ್ಲಿ ನಾನು ಗಂಗಾವತಿ ಬಸ್ ನಿಲ್ದಾಣದ ಹತ್ತಿರವಿದ್ದ ಖಾದರಸಾಬರ ಅಂಗಡಿಗೆ ಸೇರಿದೆ. ಒಂದು ಮೂಲೆಯಲ್ಲಿ ಎಸ್‌ಟಿಡಿ ಬೂತು, ಇನ್ನೊಂದು ಮೂಲೆಯಲ್ಲಿ ಝೆರಾಕ್ಸ್ ಯಂತ್ರ, ನಡುವೆ ಟಿಕೆಟ್ ಮೇಜು. ಮೇಜು ನನ್ನದು. ಖಾದರಸಾಬರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಬಂದವರನ್ನೆಲ್ಲ ಮಾತಾಡಿಸುತ್ತಿದ್ದರು. ಅವರು ಒಮ್ಮೆಯೂ ವಿಮಾನ ಹತ್ತಿದವರಲ್ಲ. ಯಾಕೆ ಎಂದು ಕೇಳಿದರೆ, "ನಾ ಮ್ಯಾಲ ಹೋದ್ರ ಕೆಳಗ ಅಂಗಡಿ ಯಾರ ನೋಡ್ತಾರ ಬೇಟಿ?" ಎನ್ನುತ್ತಿದ್ದರು. ಆದರೂ ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಯಾವ ಬಾಗಿಲಿಂದ ಹೋಗಬೇಕು, ಎಲ್ಲಿ ನೀರು ಸಿಗುತ್ತದೆ ಎಂಬುದನ್ನೆಲ್ಲ ತಾವೇ ಕಟ್ಟಿಸಿದವರ ಹಾಗೆ ವಿವರಿಸುತ್ತಿದ್ದರು. ಅದರಲ್ಲಿ ಅರ್ಧ ಸರಿ ಇರುತ್ತಿತ್ತು.

ಆಗ ಟಿಕೆಟ್ ಎಂದರೆ ಕೆಂಪು ಕಾರ್ಬನ್ ಬಳಿದ ಹಾಳೆಗಳ ಸಣ್ಣ ಪುಸ್ತಕ. ಹೈದರಾಬಾದಿನಿಂದ ಬಸ್ ಡ್ರೈವರನ ಕೈಯಲ್ಲಿ ಬರುತ್ತಿತ್ತು. ಕೊಳ್ಳುವವರು ಅಕ್ಕಿ ಗಿರಣಿಯ ಮಾಲಕರು, ಇಲ್ಲವೇ ಕೊಲ್ಲಿ ದೇಶಕ್ಕೆ ಕೆಲಸಕ್ಕೆ ಹೋಗುವವರು. ಖಾದರಸಾಬರು ಅದನ್ನು ಲಗ್ನಪತ್ರಿಕೆ ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಡುತ್ತಿದ್ದರು. ಕೈಯಲ್ಲಿ ಒಯ್ಯುವ ಚೀಲದ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಅಷ್ಟು ದುಡ್ಡು ಕೊಟ್ಟವನು ಕಂಕುಳಲ್ಲಿ ಏನು ಇಟ್ಟುಕೊಂಡಿದ್ದಾನೆ ಎಂದು ಕೇಳುವುದು ಮರ್ಯಾದೆಯಲ್ಲ ಎಂಬ ಕಾಲ ಅದು.

ಆಮೇಲೆ ಅಗ್ಗದ ವಿಮಾನಗಳು ಬಂದವು. ಟಿಕೆಟ್ ಅಗ್ಗವಾಯಿತು, ಅದರ ಜೊತೆಗಿದ್ದದ್ದೆಲ್ಲ ಬೇರೆ ಸಂಸಾರ ಹೂಡಿತು. ಊಟ ಬೇರೆ, ಕಿಟಕಿ ಬೇರೆ, ಚೀಲ ಬೇರೆ. ಕೈಚೀಲ ಒಂದೇ ಇರಬೇಕು, ಏಳು ಕಿಲೋ ಮೀರಬಾರದು, ನಿಲ್ದಾಣದಲ್ಲಿಟ್ಟ ಕಬ್ಬಿಣದ ಚೌಕಟ್ಟಿನೊಳಗೆ ಕೂರಬೇಕು. ಹೆಂಗಸರಿಗೆ ಒಂದು ಪರ್ಸು ಹೆಚ್ಚಿಗೆ. ನಿಯಮ ಮಾಡಿದವರಿಗೆ ನಮ್ಮ ಜಿಲ್ಲೆ ಗೊತ್ತಿರಲಿಲ್ಲ ಎಂಬುದು ಮೊದಲ ವಾರದಲ್ಲೇ ತಿಳಿಯಿತು. ಗಂಗಾವತಿಯವರು ಎಲ್ಲಿಗೆ ಹೊರಟರೂ ಅಕ್ಕಿ ಕಟ್ಟಿಕೊಂಡು ಹೊರಡುತ್ತಾರೆ, ಅವರು ತೂಕದಲ್ಲಿ ಸಿಕ್ಕಿಬೀಳುತ್ತಿದ್ದರು. ಕಾಲುವೆ ಇಲ್ಲದ ಕುಷ್ಟಗಿ ಕಡೆಯವರು ಗರಿಗರಿ ಒಣಗಿದ ಜೋಳದ ಕಟಕ ರೊಟ್ಟಿ ಕಟ್ಟಿಕೊಂಡು ಹೊರಡುತ್ತಾರೆ, ಅವರು ಅಳತೆಯಲ್ಲಿ ಸಿಕ್ಕಿಬೀಳುತ್ತಿದ್ದರು. ಕಾಲುವೆ ನೀರು ಎಲ್ಲಿಯವರೆಗೆ ಹರಿಯುತ್ತದೆ ಎಂಬುದನ್ನು ನೀರಾವರಿ ಇಲಾಖೆಗೆ ಹೋಗಿ ಕೇಳಬೇಕಾಗಿರಲಿಲ್ಲ, ನನ್ನ ಗಿರಾಕಿಗಳು ತೂಕಕ್ಕೆ ದಂಡ ಕಟ್ಟಿದರೋ ಅಳತೆಗೋ ಎಂದು ನೋಡಿದರೆ ಸಾಕಿತ್ತು.

ಕುಷ್ಟಗಿ ಹತ್ತಿರದ ಹನುಮಸಾಗರದ ಒಬ್ಬ ನಿವೃತ್ತ ಮಾಸ್ತರರು ದೆಹಲಿಯಲ್ಲಿದ್ದ ತಂಗಿಯ ಮನೆಗೆ ರೊಟ್ಟಿಯ ಡಬ್ಬಿ ಒಯ್ದರು. ತೂಕ ಏನೂ ಇರಲಿಲ್ಲ, ಅಗಲ ಮಾತ್ರ ನಮ್ಮ ಕಡೆಯ ರೊಟ್ಟಿಯ ಅಗಲ. ಚೌಕಟ್ಟಿನಲ್ಲಿ ಅಡ್ಡಡ್ಡ ಕೂರಲಿಲ್ಲ. ಉದ್ದುದ್ದ ನಿಲ್ಲಿಸಿ ಒತ್ತಿದಾಗ ಕೂತಿತು, ಒಳಗೆ ಏನೋ ಮುರಿದ ಸದ್ದೂ ಆಯಿತು. ತಂಗಿ ಆ ಚೂರುಗಳನ್ನು ಮಜ್ಜಿಗೆಯಲ್ಲಿ ನೆನೆಸಿ ತಿಂದರಂತೆ. ಅಂದಿನಿಂದ ನಾನು ಕುಷ್ಟಗಿ ಕಡೆಯ ಗಿರಾಕಿಗಳಿಗೆ, ಹೇಗೂ ಮುರಿಯುತ್ತದೆ, ಮನೆಯಲ್ಲೇ ಮುರಿದು ಒಯ್ಯಿರಿ ಎಂದು ಸಲಹೆ ಕೊಡತೊಡಗಿದೆ. ಒಬ್ಬರೂ ಒಪ್ಪಲಿಲ್ಲ. ರೊಟ್ಟಿ ಮುರಿಯುವುದು ಉಣ್ಣುವವರ ಕೆಲಸ, ಕಟ್ಟುವವರದಲ್ಲ ಎಂದರು.

ಖಾದರಸಾಬರು ಸುಮ್ಮನೆ ಕೂರುವವರಲ್ಲ. ಗಂಗಾವತಿಯ ಬಡಿಗನಿಗೆ ಹೇಳಿ ಅದೇ ಅಳತೆಯ ಚೌಕಟ್ಟನ್ನು ಸಾಗವಾನಿಯಲ್ಲಿ ಮಾಡಿಸಿ ಅಂಗಡಿಯ ಮುಂದೆ ಇಟ್ಟರು. ಪಾಲಿಶ್ ಬೇರೆ ಹೊಡೆಸಿದ್ದರು. ಜನ ಮನೆಯಿಂದ ಖಾಲಿ ಚೀಲ ತಂದು ಇಳಿಸಿ ನೋಡಿ ಸಮಾಧಾನದಿಂದ ಹೋಗುತ್ತಿದ್ದರು. ಆದರೆ ನಮ್ಮಲ್ಲಿ ಸರಿಹೋದ ಚೀಲ ನಿಲ್ದಾಣದಲ್ಲಿ ಸರಿಹೋಗುತ್ತಿರಲಿಲ್ಲ. ಒಬ್ಬರು, ಇಬ್ಬರು, ಆಮೇಲೆ ಒಂದೇ ಮನೆಯ ಐವರು ದಂಡ ಕಟ್ಟಿ ಬಂದು ಬಾಗಿಲಲ್ಲಿ ನಿಂತರು. ವಿಚಾರಿಸಿದರೆ, ಖಾದರಸಾಬರು ಬಡಿಗನಿಗೆ ಚೀಲದ ಗಾಲಿ ಇಳಿಯಲು ಕೆಳಗೆ ಒಂದು ತೂತು ಬಿಡಿಸಿದ್ದರು.

"ಗಾಲಿ ಚೀಲದ ಲೆಕ್ಕಕ್ಕ ಹೆಂಗ ಬರ್ತೈತಿ?" ಎಂದರು. "ಬಂಡಿ ಮ್ಯಾಲ ಭತ್ತ ತೂಗೂವಾಗ ಬಂಡಿ ತೂಕ ಹಿಡೀತಾರೇನು?"

ವಿಮಾನ ಕಂಪನಿಯವರು ಗಾಲಿಯನ್ನೂ ಹಿಡಿಯುತ್ತಿದ್ದರು. ಐವರಿಗೂ ಚಹಾ ಕುಡಿಸಿ ಕಳಿಸಿದೆವು. ಚೌಕಟ್ಟನ್ನು ಖಾದರಸಾಬರ ಮನೆಯವರು ಒಯ್ದು ಕೋಳಿ ಮುಚ್ಚಲು ಬಳಸಿದರು. ಆ ಕೆಲಸಕ್ಕೆ ಅದು ಭಾಳ ಛಲೋ ಇತ್ತು.

ಗಂಗಾವತಿ ಸುತ್ತಿನ ಕ್ಯಾಂಪುಗಳಲ್ಲಿ ಆಂಧ್ರದಿಂದ ಬಂದು ನೆಲೆಸಿದ ರೈತರಿದ್ದಾರೆ. ಅವರ ಉಪ್ಪಿನಕಾಯಿ ನನಗೆ ಬೇರೆಯೇ ತಲೆನೋವು. ಎಣ್ಣೆಯಲ್ಲಿ ಮುಳುಗಿಸಿದ ಮಾವಿನಕಾಯಿ ಗಟ್ಟಿ ಪದಾರ್ಥವೋ ದ್ರವವೋ ಎಂದು ನಾನು ಕಂಪನಿಗೆ ಫೋನ್ ಮಾಡಿ ಕೇಳಿದೆ. ಬೆಂಗಳೂರಿನ ಕಚೇರಿಯವರು ದ್ರವ ಎಂದರು. ಹೈದರಾಬಾದಿನವರು ಯಾವ ಉಪ್ಪಿನಕಾಯಿ ಎಂದು ತಿರುಗಿ ಕೇಳಿದರು. ಇಂಥ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿ ಸಿಗುವುದಿಲ್ಲ. ಅವತ್ತು ಯಂತ್ರದ ಮುಂದೆ ನಿಂತವನು ಏನು ಅನ್ನುತ್ತಾನೋ ಅದೇ ನಿಯಮ. ಹಾಗೆಂದು ಗಿರಾಕಿಗೆ ಹೇಳಬೇಡಿ. ಬಿಡುವುದಿಲ್ಲ ಎಂದೇ ಹೇಳಿ. ಬಿಟ್ಟರೆ ನಿಮ್ಮನ್ನು ಹರಸುತ್ತಾರೆ.

ಖಾದರಸಾಬರು ತೀರಿಕೊಂಡ ಮೇಲೆ ಆ ಅಂಗಡಿ ಮೊಬೈಲ್ ಅಂಗಡಿಯಾಯಿತು. ನಾನು ಕೊಪ್ಪಳಕ್ಕೆ ಬಂದು ಸ್ವಂತ ಮೇಜು ಹಾಕಿಕೊಂಡೆ. ಕೆಂಪು ಕಾರ್ಬನ್ ಹೋಗಿ ಪ್ರಿಂಟು ಬಂತು, ಪ್ರಿಂಟು ಹೋಗಿ ಫೋನಿಗೆ ಸಂದೇಶ ಬಂತು. ಹುಬ್ಬಳ್ಳಿಯಿಂದಲೇ ವಿಮಾನಗಳು ಹಾರತೊಡಗಿದವು. ಕೊನೆಕೊನೆಗೆ ಇನ್ನೂ ಅಗ್ಗದ ಒಂದು ಟಿಕೆಟ್ ಬಂತು. ವಿಮಾನದ ಹೊಟ್ಟೆಯಲ್ಲಿ ಹಾಕುವ ದೊಡ್ಡ ಚೀಲ ಅದರಲ್ಲಿ ಇಲ್ಲವೇ ಇಲ್ಲ, ಬರೀ ಕೈಚೀಲ. ನಾನು ಹೇಳಬೇಕೆಂದು ಕೂತಿದ್ದು ಅಂಥ ಒಂದು ಟಿಕೆಟ್ಟಿನ ಕಥೆಯನ್ನೇ.

ಯಲಬುರ್ಗಾದ ಗೌರವ್ವ ನನ್ನ ಜೊತೆ ಸಾಲಿ ಕಲಿತವಳು. ಅವಳ ಗಂಡ ಸಂಗಪ್ಪನವರದು ಹಿಟ್ಟಿನ ಗಿರಣಿ. ಒಬ್ಬಳೇ ಮಗಳು ರೇಣುಕಾ ನರ್ಸ್ ಆಗಿ ಅಹಮದಾಬಾದಿಗೆ ಹೋದಳು. ಜೊತೆಗೆ ಕೆಲಸ ಮಾಡುತ್ತಿದ್ದ ಅಲ್ಲಿಯ ಹುಡುಗನನ್ನು ಇವರಿಗೆ ಹೇಳದೆ ಮದುವೆಯಾದಳು. ಅವತ್ತಿನಿಂದ ಸಂಗಪ್ಪ ಮಗಳ ಜೊತೆ ಮಾತು ಬಿಟ್ಟರು, ಮನೆಗೂ ಬರಬೇಡವೆಂದರು. ವರ್ಷಗಳು ಹಾಗೇ ಹೋದವು. ಗೌರವ್ವನ ಕಣ್ಣಿಗೆ ಆಪರೇಶನ್ ಆದಾಗ ನೋಡಿಕೊಳ್ಳಲು ಯಾರೂ ಇರಲಿಲ್ಲ. ರೇಣುಕಾ ತಂದೆಯನ್ನು ಕೇಳದೆ ನನಗೆ ಫೋನ್ ಮಾಡಿ ಟಿಕೆಟ್ ತೆಗೆಸಿದಳು.

"ದೊಡ್ಡ ಚೀಲದ್ದು ಬ್ಯಾಡ್ರಿ ಅತ್ತಿ, ಕೈಚೀಲದ್ದ ಸಾಕು," ಎಂದಳು. "ಬಾಗಲದಾಗಿಂದ ವಾಪಸ್ ಕಳಿಸಿದ್ರ, ದೊಡ್ಡ ಚೀಲ ಹೊತ್ಕೊಂಡ ಎಲ್ಲಿ ತಿರುಗಲಿ?"

ವಾಪಸ್ ಕಳಿಸಲಿಲ್ಲ. ಒಳಗೆ ಬಾ ಎಂದೂ ಅನ್ನಲಿಲ್ಲ. ಸಂಗಪ್ಪ ಗಿರಣಿಯಲ್ಲಿ ಕೂತರು, ಅವಳು ತಾಯಿಯ ಕಣ್ಣಿಗೆ ಹನಿ ಹಾಕುತ್ತ ಒಳಮನೆಯಲ್ಲಿ ಉಳಿದಳು. ಮೂವರೇ ಇರುವ ಮನೆಯಲ್ಲಿ ಮಾತು ಗೌರವ್ವನ ಮೂಲಕ ಹೋಗುತ್ತಿತ್ತು. "ಅನ್ನಕ್ಕ ಉಪ್ಪ ಕಡಿಮಿ ಆಗೈತಂತ ಆಕಿಗಿ ಹೇಳು." ಆಕೆ ಎದುರಿಗೇ ಬಡಿಸುತ್ತ ನಿಂತಿರುತ್ತಿದ್ದಳು.

ಹೊರಡುವ ದಿನ ಗೌರವ್ವ ಮಗಳಿಗೆ ಉಡಿ ತುಂಬುತ್ತೇನೆಂದು ಹಟ ಹಿಡಿದಳು. ಮದುವೆಯಾದಾಗಿನಿಂದ ಆ ಹುಡುಗಿಗೆ ತವರಿನ ಉಡಿ ಬಿದ್ದಿರಲಿಲ್ಲ. ತವರಿಂದ ಹೊರಡುವ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು, ಅಡಿಕೆ ಹಾಕಿ ಕಳಿಸಿದರೆ ಈ ಮನೆ ಇನ್ನೂ ನಿನ್ನದು ಎಂದ ಹಾಗೆ. ಸಂಗಪ್ಪನನ್ನು ಕೇಳಿದರೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಗಿರಣಿಯ ಪಟ್ಟಾ ಬಿಗಿ ಮಾಡಲು ಎದ್ದು ಹೋದರು. ಗೌರವ್ವ ಅದನ್ನೇ ಹೂಂ ಎಂದು ಹಿಡಿದಳು. ನನ್ನನ್ನು ಯಲಬುರ್ಗಾಕ್ಕೆ ಕರೆಸಿದಳು.

"ಗಿರಿಜಾ, ಈ ಉಡಿ ಆಕಿ ಗಂಡನ ಮನಿ ದೇವರ ಮುಂದ ಮುಟ್ಟಬೇಕು," ಎಂದಳು. "ನಡುವ ಯಾರರ ಕಸಗೊಂಡ್ರ, ಇವರು ಅದನ್ನ ನೆವ ಮಾಡಿ, ದೇವರಿಗೂ ಒಪ್ಪಿಗಿ ಇಲ್ಲ ಅಂತಾರ. ಮತ್ತ ಬಾಗಲ ಹಾಕ್ತಾರ. ನೀ ಹುಬ್ಬಳ್ಳಿ ಮಟ ಕೂಡ ಹೋಗಿ ನೋಡ್ಕೋ."

ಹೆಚ್ಚಿನ ದುಡ್ಡು ಕೊಟ್ಟು ದೊಡ್ಡ ಚೀಲ ಸೇರಿಸಿಬಿಡೋಣ ಎಂದೆ. ಉಡಿ ಎತ್ತಿ ಒಗೆಯುವ ಸಾಮಾನೇನು, ಮಗಳ ಮೈಮೇಲೇ ಇರಬೇಕು ಎಂದಳು. ಹಾಗಾದರೆ ಸೆರಗಿನಲ್ಲಿ ಕಟ್ಟಿದ ಉಡಿ ಚೀಲವೋ ಪರ್ಸೋ ಎಂದು ಕಂಪನಿಗೆ ಫೋನ್ ಮಾಡಿದೆ. ಅತ್ತಲಿನ ಹುಡುಗಿ ಎರಡು ಸಲ ವಿವರಿಸಲು ಹೇಳಿ, ಮೇಲಿನವರನ್ನು ಕೇಳುತ್ತೇನೆಂದು ಫೋನಿನಲ್ಲಿ ಹಾಡು ಹಚ್ಚಿ ಹೋದವಳು ತಿರುಗಿ ಬರಲಿಲ್ಲ. ನಾನೇ ತೀರ್ಮಾನ ಮಾಡಿದೆ: ಸೀರೆ ಚೀಲವಲ್ಲ. ಆದರೆ ಕೊಬ್ಬರಿ ಬೇಡ, ಒಣ ಕೊಬ್ಬರಿಗೆ ಬೆಂಕಿ ಬೇಗ ಹತ್ತುತ್ತದೆಂದು ವಿಮಾನದಲ್ಲಿ ಬಿಡುವುದಿಲ್ಲ ಎಂದು ಗೌರವ್ವನಿಗೆ ಬಿಡಿಸಿ ಹೇಳಿದೆ. ಅವಳು ತಲೆಯಾಡಿಸಿದಳು. ನಾನು ಚಹಾ ಕುಡಿಯಲು ಅಡಿಗೆಮನೆಗೆ ಹೋದಾಗ ಎರಡು ಬಟ್ಟಲು ಅಕ್ಕಿಯ ಕೆಳಗೆ ಇಟ್ಟಳು. ಕೊಬ್ಬರಿ ಇಲ್ಲದ ಉಡಿಯನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಕೈಚೀಲವನ್ನು ಸಂಗಪ್ಪ ಕೇಳದೆಯೇ ಎತ್ತಿ ಗಿರಣಿಯ ತಕ್ಕಡಿಗೆ ಇಟ್ಟರು. "ಏಳರ ಒಳಗ ಐತಿ ಅಂತ ಆಕಿಗಿ ಹೇಳು," ಎಂದರು. ಕಣ್ಣಿಗೆ ಧೂಳು ತಾಗಬಾರದೆಂದು ಗೌರವ್ವ ಮನೆಯಲ್ಲೇ ಉಳಿಯಬೇಕಾಗಿತ್ತು. ಹಾಗಾಗಿ ಕಳಿಸಿಕೊಡಲು ಸಂಗಪ್ಪ ಬರಲೇಬೇಕಾಯಿತು. ಬಾಡಿಗೆ ಕಾರಿನಲ್ಲಿ ಅವರು ಮುಂದೆ ಕೂತರು, ನಾನೂ ರೇಣುಕಾಳೂ ಹಿಂದೆ. ರೇಣುಕಾ ತಾಯಿಯ ಇಳಕಲ್ ಸೀರೆ ಉಟ್ಟು, ಉಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಹುಬ್ಬಳ್ಳಿ ಮುಟ್ಟುವವರೆಗೆ ಸಂಗಪ್ಪ ಡ್ರೈವರನ ಜೊತೆ ಮಾತ್ರ ಮಾತಾಡಿದರು, ಅದೂ ಜೋಳದ ರೇಟಿನ ಬಗ್ಗೆ.

ನಿಲ್ದಾಣದ ಬಾಗಿಲಲ್ಲಿ ರೇಣುಕಾ ಬಗ್ಗಿ ತಂದೆಯ ಕಾಲು ಮುಟ್ಟಿದಳು. ಅವರು ವಿಮಾನ ಹಾರುವ ಕಡೆ ನೋಡುತ್ತ ನಿಂತರು. ಅವಳು ಒಳಗೆ ಹೋದಳು. ಕೈಚೀಲ ತೂಗಿದವನು ಉಡಿಯನ್ನು ಕಂಡು ಏನೂ ಅನ್ನಲಿಲ್ಲವಂತೆ. ಬಸುರಿ ಎಂದುಕೊಂಡನೋ ಏನೋ. ನನ್ನ ತೀರ್ಮಾನ ಅಷ್ಟರ ಮಟ್ಟಿಗೆ ಗೆದ್ದಿತು.

ತುಸು ಹೊತ್ತಿಗೆ ರೇಣುಕಾ ಮತ್ತೆ ಬಾಗಿಲಿಗೆ ಬಂದಳು. ಒಂದು ಕೈಯಲ್ಲಿ ಬಿಚ್ಚಿದ ಉಡಿ, ಇನ್ನೊಂದರಲ್ಲಿ ಅರಿಶಿನ ಹಚ್ಚಿದ ಎರಡು ಕೊಬ್ಬರಿ ಬಟ್ಟಲು. ಹಿಂದೆ ಭದ್ರತೆಯ ಹೆಣ್ಣುಮಗಳೊಬ್ಬಳು ಹೆಗಲಿಗೆ ಬಂದೂಕು ಹಾಕಿಕೊಂಡು ನಿಂತಿದ್ದಳು. ಯಂತ್ರದ ಮುಂದೆ ಉಡಿಯನ್ನು ಟ್ರೇಯಲ್ಲಿ ಸುರಿಸಿದ್ದರು. ಕೊಬ್ಬರಿ ಸಿಕ್ಕಿತು. ಬುಟ್ಟಿಗೆ ಹಾಕು, ಇಲ್ಲವೇ ಹೊರಗಿರುವ ನಿಮ್ಮವರಿಗೆ ಕೊಟ್ಟು ಬಾ ಎಂದಿದ್ದರು. ಬುಟ್ಟಿಗೆ ಹಾಕಲು ಅವಳಿಗೆ ಕೈ ಬರಲಿಲ್ಲ.

"ತಗೋರಿ ಅತ್ತಿ," ಎಂದು ನನ್ನ ಕಡೆ ಚಾಚಿದಳು. "ಅವ್ವಗ ಹೇಳಬ್ಯಾಡ್ರಿ."

ಗೌರವ್ವ ಹೆದರಿದ್ದು ಇದಕ್ಕೇ. ನೆವ ಬೇಕಾಗಿದ್ದ ಮನುಷ್ಯ ಪಕ್ಕದಲ್ಲೇ ನಿಂತು ಎಲ್ಲ ನೋಡುತ್ತಿದ್ದ. ನಾನು ಕೈ ಚಾಚುವುದರೊಳಗೆ ಸಂಗಪ್ಪ ಮುಂದೆ ಬಂದು ಬಟ್ಟಲು ಎರಡನ್ನೂ ಮಗಳ ಕೈಯಿಂದ ತಗೊಂಡರು. ಬೆರಳಿಂದ ಬಡಿದು ನೋಡಿದರು.

"ಯಾಕ ಬಿಡೂದಿಲ್ಲಂತ?" ಎಂದು ನನ್ನನ್ನು ಕೇಳಿದರು.

"ಬೆಂಕಿ ಹತ್ತತೈತಂತ್ರಿ."

"ಅದು ಖರೇ ಐತಿ," ಎಂದರು. "ಚೂರ ಮಾಡಿದ್ರ ಬಿಡ್ತಾರೇನು ಕೇಳ್ರಿ."

ನಾನು ನನ್ನ ಮುರುಕು ಹಿಂದಿಯಲ್ಲಿ ಕೇಳಿದೆ. ಬಂದೂಕಿನ ಹೆಣ್ಣುಮಗಳು ಕೊಬ್ಬರಿಯನ್ನೂ, ಸಂಗಪ್ಪನ ಮುಖವನ್ನೂ, ಹುಡುಗಿಯ ಸೆರಗನ್ನೂ ನೋಡಿದಳು. ಸಣ್ಣ ಚೂರಾದರೆ ಆದೀತು, ಬೇಗ ಮಾಡಿ ಎಂದಳು. ಸಂಗಪ್ಪ ಹೆಗಲ ಮೇಲಿನ ಟವೆಲ್ ಹಾಸಿ, ಸಾಮಾನು ತಳ್ಳುವ ಗಾಡಿಯ ಕಬ್ಬಿಣದ ಅಂಚಿಗೆ ಬಟ್ಟಲನ್ನು ಬಡಿದು ಒಡೆಯತೊಡಗಿದರು. ಸೂಟು ಹಾಕಿದವರೊಬ್ಬರು ಗಾಡಿ ಬೇಕಿತ್ತು ಎಂದರು. ಸಂಗಪ್ಪ ತಲೆ ಎತ್ತದೆ, "ಆತ್ರಿ, ಆತು," ಎಂದು ಒಡೆಯುತ್ತಲೇ ಇದ್ದರು.

ಚೂರುಗಳು ಸಿದ್ಧವಾದವು. ಉಡಿಗೆ ಹಾಕುವವರು ಯಾರು ಎಂಬುದು ಆಗ ಬಂತು. ನಮ್ಮಲ್ಲಿ ಉಡಿ ತುಂಬುವುದು ಮುತ್ತೈದೆಯರ ಕೆಲಸ. ನಾನು ಗಂಡ ಸತ್ತವಳು, ಆ ಕೆಲಸಕ್ಕೆ ನನ್ನನ್ನು ಯಾರೂ ಕರೆಯುವುದಿಲ್ಲ. ಆ ಪದ್ಧತಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಗೌರವ್ವನಿಗೆ ಅದೊಂದು ಹೊಸ ಅಂಜಿಕೆಯಾಗುವುದು ಬೇಡವೆಂದು ನಾನು ಮುಟ್ಟಲಿಲ್ಲ. ರೇಣುಕಾ ತನ್ನ ಉಡಿಯನ್ನು ತಾನೇ ತುಂಬಿಕೊಳ್ಳುವ ಹಾಗಿಲ್ಲ. ನಾವು ಮೂವರೂ ಟವೆಲ್ ನೋಡುತ್ತ ನಿಂತೆವು. ಒಳಗೆ ಮೈಕಿನಲ್ಲಿ ಅಹಮದಾಬಾದಿನ ವಿಮಾನವನ್ನು ಕೂಗಿದರು.

ಸಂಗಪ್ಪ ಟವೆಲ್ಲಿನ ಮುಂದೆ ಕೂತಿದ್ದವರು ಎದ್ದರು. ಬೊಗಸೆ ತುಂಬ ಚೂರು ತೆಗೆದುಕೊಂಡರು. ಮಗಳ ಮುಖ ನೋಡಿದರು.

"ಉಡಿ ಒಡ್ಡವಾ," ಎಂದರು.

ಅವಳು ಸೆರಗು ಹಿಡಿದಳು. ಅವರು ಹಾಕಿದರು. ಉಳಿದ ಚೂರುಗಳನ್ನು ಟವೆಲ್ ಕೊಡವಿ ಸೆರಗಿನೊಳಗೆ ಸುರಿದರು. ಆಮೇಲೆ ಮುಂದೇನು ಮಾಡಬೇಕೆಂದು ತಿಳಿಯದೆ, ಹೆಂಗಸರು ಮಾಡುವುದನ್ನು ಕಂಡ ನೆನಪಿನಲ್ಲಿ ಸೆರಗಿನ ತುದಿಯನ್ನು ಅವಳ ಸೊಂಟಕ್ಕೆ ಸಿಕ್ಕಿಸಲು ಹೋಗಿ, ಸಿಕ್ಕಿಸಲು ಬಾರದೆ ಕೈ ಬಿಟ್ಟರು. ಅವಳೇ ಸಿಕ್ಕಿಸಿಕೊಂಡಳು. ಗಂಡಸು ಉಡಿ ತುಂಬಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಬಂದೂಕಿನ ಹೆಣ್ಣುಮಗಳು ಗಡಿಯಾರ ನೋಡಿ, ರೇಣುಕಾಳ ಬೆನ್ನ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡು ಹೋದಳು. ಈ ಸಲ ಉಡಿ ಯಂತ್ರ ದಾಟಿತು ಎಂದು ರೇಣುಕಾ ಒಳಗಿಂದ ಫೋನ್ ಮಾಡಿದಳು.

ವಾಪಸ್ ಬರುವಾಗಲೂ ಸಂಗಪ್ಪ ಮುಂದೆಯೇ ಕೂತರು. ಗದಗ ದಾಟುವವರೆಗೆ ಜೋಳದ ರೇಟೂ ಇಲ್ಲ. ಆಮೇಲೆ ಹಿಂದೆ ತಿರುಗದೆ ಕೇಳಿದರು.

"ದೊಡ್ಡ ಚೀಲ ಬಿಡೂ ಟಿಕೇಟ್ ಐತೇನ್ರಿ ನಿಮ್ಮ ಕಡೆ?"

"ಐತ್ರಿ. ರೊಕ್ಕ ಸ್ವಲ್ಪ ಹೆಚ್ಚಿಗಿ."

"ಇರಲಿ. ಮುಂದಿನ ಸಲ ಅದನ್ನ ತಗೀರಿ. ಬರೂದಕ್ಕೂ, ಹೋಗೂದಕ್ಕೂ."

ಯಾವ ತಿಂಗಳಿಗೆ ನೋಡಲಿ ಎಂದು ಕೇಳಿದೆ. ಅವರು ಟವೆಲ್ಲನ್ನು ಮಡಚಿ ಹೆಗಲಿಗೆ ಹಾಕಿಕೊಂಡರು.

"ನಾನ ಫೋನ್ ಮಾಡಿ ಆಕೀನ್ನ ಕೇಳಿ ಹೇಳ್ತೀನ್ರಿ," ಎಂದರು.